ಒಂದೇ ಪಂಕ್ತಿ

ಸೌಟು ತಪ್ಪಲೆಯ ತಳ ಕೆರೆಯುವ ಸದ್ದು ಕೇಳಿದರೆ ಇವತ್ತಿಗೂ ನನಗೆ ತೊಳಸಮ್ಮ ಚಿಕ್ಕಮ್ಮ ನೆನಪಾಗುತ್ತಾಳೆ. ನಮ್ಮ ಮನೆಯಲ್ಲಿ ಬಡಿಸುವ ಸೌಟು ಅಜ್ಜಿಯದು. ಗಂಡಸರು, ಮಕ್ಕಳು, ಆಮೇಲೆ ಅಮ್ಮ. ಎಲ್ಲರದೂ ಮುಗಿದ ಮೇಲೆ ಕಿರಿಸೊಸೆಯ ಸರದಿ. ಬೆಳೆದ ಭತ್ತ ವರ್ಷಪೂರ್ತಿ ಬರುತ್ತಿರಲಿಲ್ಲವಾದ್ದರಿಂದ ಅವಳ ಪಾಲಿಗೆ ಹೆಚ್ಚಾಗಿ ಆ ಸದ್ದೇ ಉಳಿಯುತ್ತಿತ್ತು. ತನಗೆ ತಳದ ಅನ್ನವೇ ರುಚಿ ಎಂದು ನಗುತ್ತಿದ್ದಳು. ನಾನು ನಂಬಿದ್ದೆ.

ಆ ವರ್ಷ ಗ್ರಾಮಸೇವಕ ಮರಿಲಿಂಗಯ್ಯ ಸರ್ಕಾರಿ ಗೊಬ್ಬರ ತಂದರು. ಉಪ್ಪಿನಂತೆ ಬೆಳ್ಳಗಿದ್ದ ಅದನ್ನು ಮುಟ್ಟಲು ಊರಿನವರು ಹಿಂಜರಿದಾಗ ಅಪ್ಪ ನಮ್ಮ ಗದ್ದೆಯನ್ನೇ ಪ್ರಯೋಗಕ್ಕೆ ಕೊಟ್ಟ. ನಡುವೆ ಹಗ್ಗ ಕಟ್ಟಿ ಒಂದು ಕಡೆಗೆ ಗೊಬ್ಬರ ಹಾಕುವುದು, ಇನ್ನೊಂದು ಕಡೆಯನ್ನು ಹಾಗೇ ಬಿಡುವುದು. ಕೊಯ್ಲಿನ ದಿನ ಎಲ್ಲರೂ ವ್ಯತ್ಯಾಸ ನೋಡಲಿ ಎಂಬುದು ಅವರ ಲೆಕ್ಕ. ಉಳಿದ ಚೀಲ ನಮ್ಮ ಕೊಟ್ಟಿಗೆಯಲ್ಲಿತ್ತು. ಕಳೆ ಕೀಳುವ ಕೆಲಸ ಚಿಕ್ಕಮ್ಮನದು.

ಕೊಯ್ಲಿಗೆ ಊರೇ ಬದುವಿನ ಮೇಲೆ ನೆರೆಯಿತು. ಹಗ್ಗದ ಎರಡೂ ಕಡೆ ತೆನೆಗಳು ಒಂದೇ ಸಮ ಬಾಗಿದ್ದವು. ಮರಿಲಿಂಗಯ್ಯನವರ ಮುಖ ಸಪ್ಪಗಾಯಿತು.

"ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಮನೇಲಿರೋ ಉಪ್ಪೇ ಎರಚ್ಬೋದಿತ್ತಲ್ಲ ಸ್ವಾಮಿ," ಎಂದ ಪಕ್ಕದ ಗದ್ದೆಯ ಚೆಲುವಯ್ಯ. ಜನ ನಕ್ಕು ಹೊರಡಲನುವಾದರು. ಅವರು ಹಾಗೇ ಹೋಗಿದ್ದರೆ ಆ ಗೊಬ್ಬರ ಮತ್ತೆ ನಮ್ಮೂರಿಗೆ ಬರುತ್ತಿರಲಿಲ್ಲ.

ಗಂಡಸರೆದುರು ದನಿ ಎತ್ತದ ಚಿಕ್ಕಮ್ಮ ಕುಡುಗೋಲು ಕೆಳಗಿಟ್ಟು ಮುಂದೆ ಬಂದಳು. "ಆ ಕಡೆಗೂ ಗೊಬ್ಬರ ಬಿದ್ದದೆ, ಭಾವ. ಕಳೆ ಕೀಳೋಕೆ ಹೋದಾಗ ಮಡಿಲಲ್ಲಿ ತಗೊಂಡೋಗಿ ನಾನೇ ಹಾಕ್ದೆ."

"ಯಾಕಮ್ಮ?" ಅಪ್ಪನ ದನಿಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತು.

"ಒಂದೇ ಪಂಕ್ತೀಲಿ ಕೂರಿಸಿ, ಅರ್ಧ ಜನಕ್ಕೆ ಬಡಿಸಿ, ಅರ್ಧ ಜನಾನ ನೋಡ್ತಾ ಕೂರ್ಸೋದು ನನ್ನ ಕೈಲಾಗ್ಲಿಲ್ಲ. ಆ ಕಡೆ ಪೈರು ಹಳದಿಯಾಗಿ ನನ್ನೇ ನೋಡ್ತಿತ್ತು."

ಯಾರೂ ನಗಲಿಲ್ಲ. ಮೊದಲು ಚೇತರಿಸಿಕೊಂಡವರು ಮರಿಲಿಂಗಯ್ಯನವರೇ. ಚೆಲುವಯ್ಯನ ಗದ್ದೆಯತ್ತ ಕೈ ತೋರಿದರು. ಅದೇ ಬೀಜ, ಅದೇ ಕಾಲುವೆಯ ನೀರು. ಗೊಬ್ಬರ ಮಾತ್ರ ಇಲ್ಲ. ಅಲ್ಲಿನ ತೆನೆಗಳಿಗೆ ಬಾಗುವಷ್ಟು ಭಾರವೇ ಇರಲಿಲ್ಲ. ಚೆಲುವಯ್ಯ ತನ್ನ ಗದ್ದೆಯನ್ನು ಆಗಷ್ಟೇ ಕಂಡವನಂತೆ ನೋಡಿ, ಆ ಚೀಲದಲ್ಲಿ ಇನ್ನೇನಾದರೂ ಉಳಿದಿದೆಯೇ ಎಂದು ಮೆಲ್ಲಗೆ ವಿಚಾರಿಸಿದ.

ಬದುವಿನ ಮೇಲೆ ಕೂತಿದ್ದ ಅಜ್ಜಿ ಮಾತ್ರ ಎದ್ದು ಮನೆಯ ದಾರಿ ಹಿಡಿದಳು.

ಮಧ್ಯಾಹ್ನ ನಾವು ಊಟಕ್ಕೆ ಬಂದಾಗ ಪಂಕ್ತಿಯಲ್ಲಿ ಒಂದು ಎಲೆ ಹೆಚ್ಚಿತ್ತು. "ಕೂತ್ಕೊ, ತೊಳಸಿ," ಎಂದಳು ಅಜ್ಜಿ. ಚಿಕ್ಕಮ್ಮ ಒದ್ದೆಯಿಲ್ಲದ ಕೈಯನ್ನೇ ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದು, ಕೊನೆಗೆ ನನ್ನ ಪಕ್ಕ ಕೂತಳು. ತಳದ ಅನ್ನವೇ ರುಚಿ ಎನ್ನುತ್ತಿದ್ದವಳು ಅಂದು ಮತ್ತೊಮ್ಮೆ ಅನ್ನ ಹಾಕಿಸಿಕೊಂಡಳು.

ನಾವೆಲ್ಲ ಕೈ ತೊಳೆಯುತ್ತಿದ್ದಾಗ ಅಡುಗೆಮನೆಯಿಂದ ಅದೇ ಸದ್ದು ಕೇಳಿತು. ಅಜ್ಜಿ ಒಬ್ಬಳೇ ಕೂತು ತಪ್ಪಲೆಯ ತಳ ಕೆರೆಯುತ್ತಿದ್ದಳು.