ಮೂರನೆಯ ಬಿದಿರು

ದ್ರೆಂಗ್‌ನ ಹೊಲದ ಅಟ್ಟಣೆಯಲ್ಲಿ ತೂಗುಬಿದ್ದಿದ್ದ ಹನ್ನೊಂದು ಬಿದಿರು ಕೊಳವೆಗಳಲ್ಲಿ ಇಡೀ ಊರಿನ ಜಾಗಟೆಗಳ ದನಿ ಉಳಿದುಕೊಂಡಿತ್ತು. ಜಾಗಟೆಗಳು ಉಳಿದಿರಲಿಲ್ಲ. ಮೂವತ್ತು ವರ್ಷದ ಹಿಂದೆ, ಗೆಣಸೂ ಸಿಗದ ವರ್ಷ, ಊರಿನವರೇ ಅವನ್ನು ವ್ಯಾಪಾರಿಯ ಲಾರಿಗೆ ಹೊತ್ತು ಹಾಕಿದ್ದರು. ಲಾರಿ ಬರುವ ಹಿಂದಿನ ವಾರ, ಆಗಿನ್ನೂ ಮೀಸೆ ಚಿಗುರುತ್ತಿದ್ದ ದ್ರೆಂಗ್ ಒಂದೊಂದು ಜಾಗಟೆಯ ಮುಂದೆಯೂ ಕೂತು, ಅದರ ದನಿ ಬರುವವರೆಗೆ ಬಿದಿರು ಕೊಯ್ದಿದ್ದ. ಆಮೇಲೆ ಕೊಳವೆ ಸೀಳಿದರೆ, ಹುಳ ತಿಂದರೆ, ಹಳೆಯದರ ಪಕ್ಕದಲ್ಲಿಟ್ಟು ಹೊಸದನ್ನು ಕೊಯ್ಯುವುದು, ಎರಡೂ ಒಂದೇ ಎನಿಸಿದ ಮೇಲೆ ಹಳೆಯದನ್ನು ಒಲೆಗೆ ಹಾಕುವುದು. ಹೀಗೆ ಇಪ್ಪತ್ತೆಂಟು ವರ್ಷ. ಎರಡು ವರ್ಷದ ಹಿಂದೆ ಬಂದ ಜ್ವರ ಅವನ ಕಿವಿ ತಿಂದುಕೊಂಡು ಹೋಯಿತು. ಅಲ್ಲಿಂದೀಚೆಗೆ ಹೊಸ ಕೊಳವೆ ಹುಟ್ಟಿರಲಿಲ್ಲ.

ಅವನ ತಂಗಿಯ ಮಗ ಗ್ಲೋಯ್‌ಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಮಾಡಿದ.

ಆ ಬೇಸಿಗೆಯಲ್ಲಿ ದ್ರೆಂಗ್‌ನ ತಾಯಿಯ, ಗ್ಲೋಯ್‌ಗೆ ಅಜ್ಜಿಯಾದವಳ, ಗೋರಿ ಬಿಡುವ ಹಬ್ಬವಿತ್ತು. ಸತ್ತು ಮೂರು ವರ್ಷವಾಗಿತ್ತು; ಗ್ಲೋಯ್‌ನ ಅವ್ವ ಹಬ್ಲಿನ್ ಮೂರು ವರ್ಷವೂ ಗೋರಿಗೆ ಅನ್ನ ಹೊತ್ತಿದ್ದಳು. ಹಬ್ಬವಾದ ಮೇಲೆ ಯಾರೂ ಅಲ್ಲಿಗೆ ಕಾಲಿಡುವಂತಿಲ್ಲ. ಅಜ್ಜಿ ತನ್ನವರ ಬಳಿಗೆ ಹೊರಟುಹೋಗಬೇಕು. ಹೊರಡಬೇಕಾದರೆ ತನ್ನೂರಿನ ಜಾಗಟೆ ಕಿವಿಗೆ ಬೀಳಬೇಕು. ಇಲ್ಲದಿದ್ದರೆ ಯಾರದೋ ಮನೆಯ ಹಬ್ಬವೆಂದುಕೊಂಡು ಅಲ್ಲೇ ನಿಂತುಬಿಡುತ್ತಾಳೆ. ಜಿಲ್ಲಾ ಕಚೇರಿಯವರು ಹನ್ನೊಂದು ಹೊಸ ಜಾಗಟೆಗಳನ್ನು ಕೊಟ್ಟಿದ್ದರು, ಅಂಗಡಿಯ ಚೀಟಿಗಳು ಇನ್ನೂ ಅಂಟಿಕೊಂಡೇ ಇದ್ದವು. ಹೊಳೆಯಾಚೆಯ ಮುದುಕ ಬ್ರೋಲ್, ಜಾಗಟೆ ಬಡಿದು ದನಿ ಕೂರಿಸುವವನು, ಸೋಮವಾರ ಬಂದು ಅವನ್ನು ದ್ರೆಂಗ್‌ನ ಬಿದಿರಿಗೆ ಹೊಂದಿಸುವುದೆಂದು ಮಾತಾಗಿತ್ತು.

ಅದಕ್ಕೆ ಮುಂಚಿನ ಗುರುವಾರ ಪ್ಲೇಕು ಪಟ್ಟಣದ ಕಲಾತಂಡದ ಯಜಮಾನ ಖಾಯ್ ಮೋಟಾರುಬೈಕು ಏರಿ ಹೊಲಕ್ಕೆ ಬಂದ. ತಂಡಕ್ಕೆ ಸೇರಿಸಿಕೊಳ್ಳಿ ಎಂದು ಗ್ಲೋಯ್ ಒಂದು ವರ್ಷದಿಂದ ಅವನ ಹಿಂದೆ ಬಿದ್ದಿದ್ದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ರಬ್ಬರು ತೋಟದ ಹಾಲು ಹಿಡಿಯುವ ಕೆಲಸ ಬಿಟ್ಟರೆ ಇದೊಂದೇ ಬಾಗಿಲು.

ಗ್ಲೋಯ್ ನುಡಿಸಿದ್ದನ್ನು ಕೇಳಿದ ಖಾಯ್ ತಾನೂ ಕೋಲಿನಿಂದ ಕೊಳವೆಗಳ ಮೇಲೆ ಒಮ್ಮೆ ಎಳೆದು, ಹಲ್ಲುನೋವು ಬಂದವನಂತೆ ಮುಖ ಮಾಡಿದ.

"ತಮ್ಮಾ, ನಿನ್ನ ಕೈ ಚೆನ್ನಾಗಿದೆ. ಬಿದಿರಿಗೆ ಕಾಯಿಲೆ. ಮೂರನೇದು, ಆರನೇದು, ಒಂಬತ್ತನೇದು ಸ್ವರದಿಂದ ಕೆಳಗೆ ಬಿದ್ದಿವೆ. ನಮ್ಮ ಆರ್ಗನ್ ಜೊತೆ ಇದನ್ನ ಇಟ್ರೆ ನಾಯಿ ಬೊಗಳಿದ ಹಾಗಿರುತ್ತೆ."

"ಮಾವನ ಕಿವೀಲಿ ಕೂರಿಸಿದ್ದು ಅಣ್ಣ."

"ನಿಮ್ಮ ಮಾವನಿಗೆ ಕಿವಿ ಎಲ್ಲಿದೆಯಪ್ಪಾ?" ಖಾಯ್ ನಕ್ಕ. ಫೋನು ತೆಗೆದು ಸ್ವರ ಅಳೆಯುವ ಮುಳ್ಳು ತೋರಿಸಿದ. "ಇದಕ್ಕೆ ಮಾವನೂ ಇಲ್ಲ, ಅಳಿಯನೂ ಇಲ್ಲ. ಸರಿ ಇದ್ರೆ ಹಸಿರು. ಶನಿವಾರ ಕೆರೆ ಹತ್ರದ ರೆಸಾರ್ಟಲ್ಲಿ ಕಾರ್ಯಕ್ರಮ. ಸರಿಮಾಡ್ಕೊಂಡು ಬಾ, ಸೇರಿಸ್ಕೋತೀನಿ. ಇಲ್ಲಾಂದ್ರೆ ಅದನ್ನ ಬಡಿದು ಹೊಲದ ಗಿಳಿ ಓಡಿಸ್ತಾ ಇರು."

ಅದೇ ಮುಳ್ಳನ್ನು ತನ್ನ ಫೋನಿಗೂ ಹಾಕಿಕೊಂಡು ಗ್ಲೋಯ್ ಚಾಕು ಮಸೆದ. ಬಿದಿರಿನ ತುದಿ ಕೊಯ್ದರೆ ದನಿ ಏರುತ್ತದೆ. ಕೊಯ್ದದ್ದನ್ನು ಮತ್ತೆ ಅಂಟಿಸಲಾಗದು. ಅಕ್ಕಿಕಾಳಿನಷ್ಟು ತಾನೇ ಎಂದುಕೊಂಡ. ಜ್ವರಕ್ಕೆ ಮುಂಚೆಯೇ ಮಾವನ ಕಿವಿ ಕೆಡುತ್ತಾ ಬಂದಿದ್ದಿರಬೇಕು, ತಾನು ತಿದ್ದುತ್ತಿದ್ದೇನೆ, ಕೆಡಿಸುತ್ತಿಲ್ಲ ಎಂದುಕೊಂಡ. ಮೂರನೆಯದು ಹಸಿರಾಯಿತು. ಆರನೆಯದು. ಒಂಬತ್ತನೆಯದು. ಎದೆ ಉಬ್ಬಿತು ಕೂಡ, ನಾಚಿಕೆಗೆಟ್ಟ ಎದೆ.

ಬಿದಿರಿನ ವಾದ್ಯ ಊರೊಳಕ್ಕೆ ಬರಬಾರದು, ಅದು ಭತ್ತದ್ದು, ಹೊಲದ್ದು. ಆ ಕಟ್ಟಳೆ ಮಾತ್ರ ಅವನು ಮುರಿಯಲಿಲ್ಲ. ಶನಿವಾರ ಹನ್ನೊಂದನ್ನೂ ಹೆಗಲಿಗೇರಿಸಿ ರಬ್ಬರು ತೋಟ ಸುತ್ತಿಕೊಂಡು ಎರಡು ಗಂಟೆ ನಡೆದ. ಇಂಥವನ ಭಕ್ತಿ ಇಷ್ಟೇ.

ರೆಸಾರ್ಟಿನಲ್ಲಿ ಅವನಿಗೆ ಗರಿಯ ಟೋಪಿ ಕೊಟ್ಟರು. ಅವನ ಊರಿನಲ್ಲಿ ಯಾರೂ ಅಂಥದ್ದನ್ನು ಹಾಕಿದವರಿಲ್ಲ. ದೀಪ ಹತ್ತಿತು. ಅವನು ಕೋಲು ಎತ್ತಿ ಮೊದಲ ಪೆಟ್ಟು ಕೊಡುವ ಮುಂಚೆಯೇ ವೇದಿಕೆ ತುಂಬ ಬಿದಿರಿನ ದನಿ ಸುರಿಯಿತು. ಎಲ್ಲೋ ಯಾವಾಗಲೋ ಯಾರೋ ನುಡಿಸಿ ಇಟ್ಟ ರೆಕಾರ್ಡು. ಅವನ ಮುಂದೆ ಮೈಕೇ ಇರಲಿಲ್ಲ.

ಮುಗಿದ ಮೇಲೆ ಖಾಯ್‌ನ ತೋಳು ಹಿಡಿದ. "ಅಣ್ಣ, ನನ್ನ ವಾದ್ಯ ಕೇಳಿಸ್ಲೇ ಇಲ್ಲ."

"ಯಾರ ವಾದ್ಯ ಕೇಳಿಸ್ತು ಹೇಳು? ಬಯಲಲ್ಲಿ ಬಿದಿರಿಗೆ ಮೈಕು ಹಿಡಿಯಲ್ಲ ಕಣೋ. ಕೈ ಆಡಿಸಿದ್ಯಲ್ಲ, ಚೆನ್ನಾಗಿತ್ತು."

"ಮತ್ತೆ ಕೊಯ್ಸಿದ್ಯಾಕೆ?"

"ನಾನೆಲ್ಲಪ್ಪಾ ಕೊಯ್ದೆ?" ಎಂದ ಖಾಯ್, ಬೇಸರವಿಲ್ಲದೆ. "ಚಾಕು ನಿನ್ನದು ತಾನೇ?"

ಭಾನುವಾರ ಕೊಳವೆಗಳು ಅಟ್ಟಣೆಗೆ ಮರಳಿದವು. ಸೋಮವಾರ ಬ್ರೋಲ್ ಮುದುಕ ಸುತ್ತಿಗೆ ಚೀಲ ಹೊತ್ತು ಬಂದ. ಒಂದೊಂದು ಬಿದಿರಿಗೂ ಪೆಟ್ಟು ಕೊಟ್ಟು, ಕಿವಿಯೊಡ್ಡಿ, ಜಾಗಟೆಯ ಬೆನ್ನನ್ನು ಸುತ್ತು ಸುತ್ತಾಗಿ ಬಡಿದ. ಮೂರನೆಯದಕ್ಕೆ ಬಂದಾಗ ಕೈ ನಿಂತಿತು.

"ನಿಮ್ಮೂರದು ಹೀಗೇನಾ?"

ದ್ರೆಂಗ್‌ಗೆ ಕೇಳಿಸಲಿಲ್ಲ, ಮುಗುಳ್ನಕ್ಕು ತಲೆ ಆಡಿಸಿದ. ಮುದುಕ ಗ್ಲೋಯ್ ಕಡೆ ತಿರುಗಿದ. "ನೀನು ಹೇಳೋ. ಚಿಕ್ಕಂದಿನಿಂದ ಇದರ ಕೆಳಗೇ ಬಿದ್ದುಕೊಂಡಿದ್ದವನು."

ಹೇಳಲು ಅದೊಂದು ಗಳಿಗೆ ಇತ್ತು. ಇನ್ನೂ ಒಂಬತ್ತು ಜಾಗಟೆಗೆ ಸುತ್ತಿಗೆ ತಾಗಿರಲಿಲ್ಲ, ಕಂಚು ಇನ್ನೂ ಮಾತು ಕೇಳುತ್ತಿತ್ತು.

"ಹೀಗೇ ತಾತ," ಎಂದ ಗ್ಲೋಯ್.

ಎರಡು ದಿನ ಸುತ್ತಿಗೆ ಬಿತ್ತು. ದ್ರೆಂಗ್ ಬೆರಳ ತುದಿಯಿಂದ ಕಂಚಿನ ನಡುಕ ಮುಟ್ಟಿ ನೋಡಿ, ಸೋದರಳಿಯನ ಬೆನ್ನು ತಟ್ಟಿದ.

ಹಬ್ಬದ ದಿನ ಗೋರಿಯ ಸುತ್ತ ಹೆಂಡದ ಜಾಡಿಗಳನ್ನು ಕಟ್ಟಿ ನಿಲ್ಲಿಸಿದ್ದರು. ಬೆಂಕಿಯ ಮೇಲೆ ಹಂದಿ ಬೇಯುತ್ತಿತ್ತು. ಜಾಗಟೆಯವರು ಎಡಕ್ಕೆ ಸುತ್ತುಹಾಕುತ್ತಾ ಬಡಿಯತೊಡಗಿದರು. ಹಬ್ಲಿನ್ ಗೋರಿಯ ಕಂಬ ತಬ್ಬಿ, ಕೊನೆಯ ಸಲ ಅಳಲು ಬಾಯಿ ತೆರೆದಳು. ಆ ಅಳು ಸುಮ್ಮನೆ ಅಳುವುದಲ್ಲ. ಜಾಗಟೆ ದನಿ ಎತ್ತಿಕೊಟ್ಟಲ್ಲಿಂದ ಹಿಡಿದು, ಹೆಸರು ಕರೆದು, ಸತ್ತವಳನ್ನು ಎಬ್ಬಿಸಿ ದಾರಿಗೆ ಹಚ್ಚುವುದು. ಅವಳ ದನಿ ಒಂದು ಹೆಜ್ಜೆ ಹೋಗಿ ಮುಗ್ಗರಿಸಿತು. ಮತ್ತೆ ಎತ್ತಿದಳು. ಮತ್ತೆ ಮುಗ್ಗರಿಸಿತು. ಬಾಯಿ ಮುಚ್ಚಿ ಸುತ್ತ ನೋಡಿದಳು.

"ಇದು ಯಾರ ಊರಿಂದು?" ಎಂದಳು. "ಯಾರ ಮನೆ ಹೆಣಕ್ಕೆ ಬಡೀತಿದಾರೆ ಇವ್ರು?"

ಗ್ಲೋಯ್ ಜಾಡಿಗಳ ಹಿಂದಕ್ಕೆ ಸರಿದ. ಅವಳು ಅವನ ಮುಖ ನೋಡಿದಳು; ತಾಯಿಗೆ ಅಷ್ಟು ಸಾಕಾಯಿತು.

"ಏನ್ ಮಾಡ್ದೆಯೋ?"

"ಮೂರು ಕೊಳವೆ ಅವ್ವ. ಸ್ವಲ್ಪ. ಅಕ್ಕಿಕಾಳಷ್ಟು."

"ಹಳೇ ದನಿ ಹೇಳು. ಬ್ರೋಲ್ ತಾತ ಇಲ್ಲೇ ಇದಾನೆ, ಈಗ್ಲೇ ಬಡೀತಾನೆ. ಮೂರನೇದು ಹೇಳು."

ಗ್ಲೋಯ್ ಕಣ್ಣು ಮುಚ್ಚಿ ಗುನುಗಿದ. ಹಬ್ಲಿನ್ ತಲೆ ಅಲ್ಲಾಡಿಸಿದಳು. ಇನ್ನಷ್ಟು ಇಳಿಸಿದ, ಅಲ್ಲ. ಇನ್ನೊಂಚೂರು ಏರಿಸಿದ, ಅದೂ ಅಲ್ಲ. ಇಪ್ಪತ್ತು ವರ್ಷ ಕೇಳಿದ್ದ ದನಿಯ ಜಾಗದಲ್ಲಿ ಎರಡು ದಿನದ ಸುತ್ತಿಗೆ ಕೂತುಬಿಟ್ಟಿತ್ತು.

"ನೀನೇ ಹೇಳವ್ವ," ಎಂದ, ಸಿಟ್ಟಿನಿಂದ, ಯಾರ ಮೇಲಿನ ಸಿಟ್ಟೋ.

"ನನ್ನ ಹತ್ರ ಎಲ್ಲಿದೆಯೋ? ಆ ಬಿದಿರು ದನಿ ಕೊಡ್ತಿತ್ತು, ನಾನು ತಗೋತಿದ್ದೆ."

ಶುರುವಾದ ಜಾಗಟೆಯನ್ನು ನಡುವೆ ನಿಲ್ಲಿಸುವಂತಿರಲಿಲ್ಲ. ಸುತ್ತು ನಡೆದೇ ಇತ್ತು. ದ್ರೆಂಗ್ ಏನೂ ಕೇಳಿಸದೆ, ನೆಂಟರ ನಡುವೆ ಕೂತು, ಜಾಡಿಯಿಂದ ಹೆಂಡ ಹೀರುವ ನಳಿಗೆಗೆ ಬಾಯಿ ಹಚ್ಚಿ, ತನ್ನ ತಾಯಿ ಈಗ ಎದ್ದು ಹೊರಟಳೆಂದು ಸುಖವಾಗಿ ಅಳುತ್ತಿದ್ದ. ಹಬ್ಲಿನ್ ಅವನನ್ನು ನೋಡಿದಳು, ಮಗನನ್ನು ನೋಡಿದಳು.

"ಅವನಿಗೆ ಹೇಳ್ಬೇಡ," ಎಂದಳು.

ಆಮೇಲೆ ಅನ್ನದ ಬುಟ್ಟಿ ತೆಗೆದು, ಕೊನೆಯ ತುತ್ತನ್ನು ಗೋರಿಯ ಮೇಲಿಟ್ಟು, ಒಣ ಕಣ್ಣಿನಲ್ಲೇ ಬೇಲಿ ದಾಟಿ ಊರಿನ ಕಡೆ ನಡೆದಳು.