ನೀಲಿ ಟಾರ್ಪಾಲಿನಡಿಯ ಗೋಡು

ಬೆಳಗಿನ ಸಾರಿಗೆಂದು ರಂಜಿತಾ ಹಿತ್ತಲಲ್ಲಿ ದಂಟಿನ ಸೊಪ್ಪು ಕೀಳುತ್ತಿದ್ದಳು. ಆರು ತಿಂಗಳ ಬಸುರಿ. ಬಗ್ಗಿ ಏಳಲು ಕಷ್ಟವೆಂದು ಮಗಳು ಸೌಜನ್ಯ ಬುಟ್ಟಿ ಹಿಡಿದು ನಿಂತಿದ್ದಳು. ಬುಟ್ಟಿ ಅರ್ಧವೂ ತುಂಬಿರಲಿಲ್ಲ, ಬೇಲಿಯಾಚೆ ಬೈಕು ನಿಂತಿತು. ಕೆರೆಯ ಹೂಳೆತ್ತುವ ಕೆಲಸದ ಮೇಸ್ತ್ರಿ ಧರ್ಮೇಂದ್ರ.

"ಅಕ್ಕಾ, ಕೀಳೋದು ನಿಲ್ಸಿ. ಈ ಪಾತಿಗೆ ಗೋಡು ಮಣ್ಣು ಎಲ್ಲಿಂದ ತಂದ್ರಿ?"

"ಕೆರೆಯಿಂದಾನೇ. ಮಾವ ತಂದ್ರು. ಊರೋರೆಲ್ಲಾ ಗಾಡೀಲಿ ಹೊಡ್ಕೊಂಡ್ರಲ್ಲ?"

"ಊರವ್ರು ತಗೊಂಡಿದ್ದು ಏರಿ ಮೇಲಿನ ರಾಶೀದು. ನೀಲಿ ಟಾರ್ಪಾಲ್ ಮುಚ್ಚಿದ್ದ ಗುಂಡಿ ಇವತ್ತು ತೆಗೆದು ನೋಡಿದ್ರೆ ಒಂದು ಗಾಡಿಯಷ್ಟು ಕಮ್ಮಿ ಐತೆ."

ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಮಾವ ಸಣ್ಣಸ್ವಾಮಿ ನಕ್ಕರು. "ಕಳ್ಳನ್ನ ಹುಡುಕ್ಕೊಂಡು ಬಂದ್ಯಾ? ನಾನೇ ಕಣಯ್ಯ. ಏರಿ ಮೇಲಿಂದು ಬೂದಿ ಹಂಗಿತ್ತು. ಗೋಡು ಕಪ್ಪಗಿದ್ದಷ್ಟೂ ಸಾರ. ನಮ್ಮಪ್ಪ ಮೂಸಿ ನೋಡಿ ಆರಿಸ್ತಿದ್ದ. ಒಳ್ಳೇದನ್ನ ನೀವು ಮುಚ್ಚಿಟ್ಕೊಂಡ್ರೆ ನಾವು ಬಿಡ್ತೀವಾ?"

ಧರ್ಮೇಂದ್ರ ನಗಲಿಲ್ಲ. "ಒಳ್ಳೇದು ಅಂತ ಮುಚ್ಚಿದ್ದಲ್ಲ ಯಜಮಾನ್ರೇ. ಹಳೇ ಬ್ಯಾಟ್ರಿ ಕರಗಿಸ್ತಿದ್ದ ಶೆಡ್ಡಿನ ನೀರು ಬೀಳ್ತಿತ್ತಲ್ಲ, ಆ ಮೂಲೇದು. ಸೀಸ ಐತೆ ಅದ್ರಲ್ಲಿ. ವಿಷ. ಬೇರೆ ಕಡೆ ಸಾಗಿಸೋವರ್ಗೂ ಪ್ಲಾಸ್ಟಿಕ್ ಹಾಸಿ ಇಟ್ಟಿದ್ವಿ. ಬೋರ್ಡೂ ಹಾಕಿದ್ವಿ."

"ಬೋರ್ಡು ಓದೋಕೆ ನಂಗೆ ಬರಬೇಕಲ್ಲಪ್ಪ," ಎಂದರು ಸಣ್ಣಸ್ವಾಮಿ. ಬಾಯಿ ಮೆಲ್ಲುವುದನ್ನು ನಿಲ್ಲಿಸಿತ್ತು.

ರಂಜಿತಾಳ ಕೈಯಲ್ಲಿ ಕಿತ್ತ ದಂಟು ಹಾಗೇ ಇತ್ತು. ಬೇರಿಗೆ ಅಂಟಿದ ಕಪ್ಪು ಮಣ್ಣು ಅವಳ ಉಗುರುಗಳಲ್ಲೂ ಇತ್ತು. ರಕ್ತ ಕಮ್ಮಿ, ಸೊಪ್ಪು ಜಾಸ್ತಿ ತಿನ್ನಮ್ಮಾ ಎಂದು ನರ್ಸು ಹೇಳಿದ್ದೇ ತಡ, ಮಾವ ಬೆನ್ನು ನೋವನ್ನೂ ಲೆಕ್ಕಿಸದೆ ಸೊಸೆಗೆಂದೇ ಈ ಪಾತಿ ಮಾಡಿದ್ದರು. ಒಂದು ತಿಂಗಳಿಂದ ದಿನ ಬಿಟ್ಟು ದಿನ ಇದೇ ಸೊಪ್ಪು. ಮೊದಲ ತಟ್ಟೆ ಅವಳಿಗೇ.

"ತಿಂದ್ರಾ ಅಕ್ಕಾ?" ಧರ್ಮೇಂದ್ರನ ದನಿ ಇಳಿದಿತ್ತು.

ಅವಳು ಹೌದೆಂದು ತಲೆಯಾಡಿಸಿದಳು.

"ಇವತ್ತೇ ಆಸ್ಪತ್ರೆಗೆ ಹೋಗಿ ರಕ್ತ ಟೆಸ್ಟ್ ಮಾಡಿಸಿ. ಈ ಮಗೂಗೂ ಮಾಡಿಸಿ."

ಮಗಳನ್ನು ನಲ್ಲಿಯ ಹತ್ತಿರ ಕರೆದೊಯ್ದು ರಂಜಿತಾ ಸೋಪು ಹಚ್ಚಿ ಉಜ್ಜಿದಳು. ಪುಟ್ಟ ಬೆರಳುಗಳು, ಉಗುರುಗಳು, ಮತ್ತೆ ಬೆರಳುಗಳು. ನೀರು ತಿಳಿಯಾಗಿ ಹರಿದರೂ ಅವಳ ಕೈ ನಿಲ್ಲಲಿಲ್ಲ. ಹೊಟ್ಟೆಯೊಳಗೆ ಕೂಸು ಒಮ್ಮೆ ಒದೆಯಿತು. ಬೇರೆ ದಿನವಾಗಿದ್ದರೆ ಮಗಳ ಕೈಯನ್ನು ಅಲ್ಲಿಟ್ಟು ತೋರಿಸುತ್ತಿದ್ದಳು. ಇವತ್ತು ಮತ್ತೆ ಸೋಪು ಕೈಗೆತ್ತಿಕೊಂಡಳು.

ಸೌಜನ್ಯ ಅಮ್ಮನ ಮುಖ ನೋಡಿದಳು, ಹೊಟ್ಟೆ ನೋಡಿದಳು. ಕೊನೆಗೆ ಕೇಳಿಯೇಬಿಟ್ಟಳು.

"ಅಮ್ಮಾ, ಪಾಪೂನೂ ಆ ಸೊಪ್ಪು ತಿಂದ್ಬಿಡ್ತಾ?"