ಮೇವಿನ ಚೀಲದಲ್ಲಿ ನೀಲಿ ನೂಲು

ದೊಡ್ಡ ಸೊಸೆ ಹೊಲಿಗೆ ಯಂತ್ರದ ಕೆಳಗಿನ ನೂಲು, ಬಟ್ಟೆ ಚೂರುಗಳನ್ನೆಲ್ಲ ಗುಡಿಸಿ, ಓರಗಿತ್ತಿಯ ಕೋಳಿಗಳು ಕೆದಕುವ ಜಾಗಕ್ಕೇ ಸುರಿದಳು. ಕಸದ ಡಬ್ಬಿ ಬಾಗಿಲ ಪಕ್ಕದಲ್ಲೇ ಇತ್ತು.

ಬೆನ್ನು ಬಾಗುವವರೆಗೆ ಯಂತ್ರ ತುಳಿಯುವವಳು ಅವಳು. ಅತ್ತೆ ಬಂದವರಿಗೆಲ್ಲ ತೋರಿಸುವುದು ಮಾತ್ರ ಚಿಕ್ಕ ಸೊಸೆಯ ಮೊಟ್ಟೆ ಬುಟ್ಟಿ. "ಕೈಗುಣ ಅಂದ್ರೆ ನಮ್ಮ ಚಿಕ್ಕೋಳ್ದು!" ಒಬ್ಬಳನ್ನು ಹೊಗಳಿ ಇನ್ನೊಬ್ಬಳನ್ನು ಚುಚ್ಚುವುದು, ಇಬ್ಬರಿಂದಲೂ ದುಡಿಸಿಕೊಳ್ಳುವುದು: ಆ ಮನೆಯ ಆಡಳಿತ ನಡೆಯುತ್ತಿದ್ದದ್ದೇ ಹಾಗೆ. ಅದರಲ್ಲೂ ಆ ಕೆಂಪಿ ಕೋಳಿ! ಚಿಕ್ಕವಳು 'ಬಾ' ಅಂದರೆ ಮಡಿಲಿಗೇ ಹಾರುತ್ತಿತ್ತು. ದೊಡ್ಡವಳು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕೆಂಪಿ ಮೂಲೆಯಲ್ಲಿ ಮುದುಡಿ ಕೂತಿತ್ತು.

"ಅಕ್ಕಾ, ಮುಟ್ಟಿ ನೋಡಿ," ಚಿಕ್ಕವಳು ಕರೆದಳು. "ಕತ್ತಿನ ಬುಡದ ಈ ಮೇವಿನ ಚೀಲ ಬೆಳಗಾಗೋ ಹೊತ್ತಿಗೆ ಖಾಲಿ ಇರಬೇಕು. ಕಲ್ಲಾಗಿಬಿಟ್ಟಿದೆ."

"ಜಾಸ್ತಿ ತಿಂದಿರತ್ತೆ ಬಿಡೇ. ಮುದ್ದು ಮಾಡಿ ಕೆಡಿಸಿದೀಯ."

"ನೀವು ಹಿಡ್ಕೊಳ್ಳಿ. ಪಶು ಆಸ್ಪತ್ರೆ ಡಾಕ್ಟರಮ್ಮ ಹೇಳ್ಕೊಟ್ಟಿದಾರೆ. ಇವತ್ತು ಇದನ್ನ ಬೇರೆ ಇಡೋಣ. ಮೇವು ಬೇಡ, ನೀರು ಮಾತ್ರ."

ಕೊಕ್ಕಿನ ಪಕ್ಕದಿಂದ ಅಡುಗೆ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟಳು. "ಸುರಿದ್ರೆ ಉಸಿರಿನ ದಾರಿಗೆ ಹೋಗತ್ತೆ." ಆಮೇಲೆ ದೊಡ್ಡವಳ ಬೆರಳುಗಳನ್ನು ಚೀಲದ ಮೇಲಿಟ್ಟಳು. "ಬಟ್ಟೆ ಸುಕ್ಕು ಬಿಡಿಸೋ ಹಾಗೆ ಮೆತ್ತಗೆ ನೀವಿ. ಮಧ್ಯೆ ಮಧ್ಯೆ ಬಿಡುವು ಕೊಡಿ. ನಿಮ್ಮ ಕೈ ಹಗುರ ಅಕ್ಕ."

ಆ ಮನೆಯಲ್ಲಿ ಅವಳ ಕೈಯನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಹೊಗಳುವವಳೂ ಇವಳೇ ಆಗಬೇಕಿತ್ತೇ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಮಾರನೆ ಬೆಳಿಗ್ಗೆ ಚೀಲ ಅರ್ಧ ಇಳಿದಿತ್ತು. ಒಳಗೊಂದು ಗಂಟು ಉಳಿದಿತ್ತು. ಕೊಕ್ಕಿನ ಸಂದಿಯಲ್ಲಿ ನೀಲಿ ನೂಲಿನ ತುದಿ! ಯಂತ್ರದ ಮೇಲೆ ಅರ್ಧಕ್ಕೆ ನಿಂತಿದ್ದ ಲಂಗದ ನೀಲಿ. ದೊಡ್ಡವಳು ಎಳೆಯಲು ಕೈ ಹಾಕಿದಳು.

"ಎಳೀಬೇಡಿ! ಒಳಗೆ ಕುಯ್ದುಬಿಡತ್ತೆ. ನೂಲಾದ್ರೆ ಡಾಕ್ಟರೇ ಬೇಕು." ಚಿಕ್ಕವಳು ಒಮ್ಮೆ ನೂಲನ್ನು ನೋಡಿದಳು, ಒಮ್ಮೆ ಇವಳನ್ನು.

"ನಂದೇ," ಅಂದಳು ದೊಡ್ಡವಳು. "ಕಸದ ಡಬ್ಬಿ ಹತ್ರಾನೇ ಇತ್ತು."

"ಆಮೇಲೆ ಬೈತೀನಿ. ಬುಟ್ಟಿ ತನ್ನಿ."

ಅತ್ತೆ ಅಡ್ಡ ಬಂದರು. "ಕೋಳಿಗೂ ಆಸ್ಪತ್ರೆಯಂತೆ! ಬ್ಲೇಡ್ ತಾ, ನಾನು ಕುಯ್ತೀನಿ. ನೀನು ದರ್ಜಿ ತಾನೇ, ಹೊಲಿದುಬಿಡು."

ಕೋಳಿ ಸಾಕುವ ಅಕ್ಕಂದಿರೇ, ಅಣ್ಣಂದಿರೇ, ಬೆಳಿಗ್ಗೆ ಮೇವು ಹಾಕುವ ಮುಂಚೆ ಕೋಳಿಯ ಕತ್ತಿನ ಚೀಲ ಮುಟ್ಟಿ ನೋಡಿ. ನೂಲು, ಪ್ಲಾಸ್ಟಿಕ್, ಉದ್ದ ಹುಲ್ಲು ಹಿತ್ತಲಿಗೆ ಎಸೆಯಬೇಡಿ. ಮೇವು ಅರೆಯಲು ಸಣ್ಣ ಹರಳುಕಲ್ಲು ಸಿಗುವಂತಿರಲಿ. ವಾಂತಿ ಮಾಡಿಸಲು ಕೋಳಿಯನ್ನು ತಲೆಕೆಳಗು ಹಿಡಿಯಬೇಡಿ. ದಿನ ಕಳೆದರೂ ಚೀಲ ಇಳಿಯದಿದ್ದರೆ, ಬಾಯಿಂದ ಹುಳಿ ವಾಸನೆ ಬಂದರೆ, ಪಶುವೈದ್ಯರ ಬಳಿ ಒಯ್ಯಿರಿ. ಮನೆಯಲ್ಲೇ ಕುಯ್ಯುತ್ತೇನೆ ಅನ್ನುವವರು ಎಷ್ಟೇ ಹಿರಿಯರಿರಲಿ, ಕೆಂಪಿಯನ್ನು ಎದೆಗವಚಿಕೊಂಡು ದೊಡ್ಡ ಸೊಸೆ ಅಂದದ್ದನ್ನೇ ನೀವೂ ಅನ್ನಿ:

"ಆಗಲ್ಲ ಅತ್ತೆ. ನಾನು ಹೊಲಿಯೋದು ಬಟ್ಟೆ. ದಾರಿ ಬಿಡಿ."